ತಂಗಿಗೆ ನಿಲ್ಲಿಸದ ಬಸ್ಸು

ನಾಲ್ಕು ದಿನದ ರಜೆ ಮಂಜೂರಾದಾಗ ನನಗೆ ಖುಷಿಗಿಂತ ಮೊದಲು ಬಂದದ್ದು ಸಿಟ್ಟು. ಕೇಳಿದ್ದು ಎಂಟು ದಿನ, ಕೊಟ್ಟದ್ದು ನಾಲ್ಕು. ಅದನ್ನೂ ಕೊಡುವಾಗ ಡಿಪೋ ಸಾಹೇಬರು ಸ್ವಂತ ಹೊಲದಲ್ಲಿ ನಾಲ್ಕು ಗುಂಟೆ ಬಿಟ್ಟುಕೊಡುವವರ ಹಾಗೆ ಮುಖ ಮಾಡಿದರು. ಹದಿನಾಲ್ಕು ವರ್ಷದಿಂದ ರಾಯಚೂರಿನಲ್ಲಿ ಬಸ್ ಕಂಡಕ್ಟರ್ ಆಗಿದ್ದೇನೆ. ಮಂದಿಯನ್ನು ಅವರವರ ಮದುವೆಗೆ, ತೊಟ್ಟಿಲಿಗೆ, ಮಣ್ಣಿಗೆ ಹೊತ್ತಿಗೆ ಸರಿಯಾಗಿ ಮುಟ್ಟಿಸಿದ್ದೇನೆ. ನನ್ನ ಸ್ವಂತ ಮಂದಿಯ ಮನೆಗೆ ಮಾತ್ರ ಎಲ್ಲ ಮುಗಿದು ಶಾಮಿಯಾನ ಬಿಚ್ಚುವಾಗ ಹೋಗಿ ನಿಂತಿದ್ದೇನೆ.

ಈ ನಾಲ್ಕು ದಿನದಲ್ಲಿ ಮೂವರನ್ನು ಮಾತಾಡಿಸಬೇಕು ಅಂತ ಲೆಕ್ಕ ಹಾಕಿಕೊಂಡೆ. ರಾಯಚೂರಿನಲ್ಲೇ ಇರುವ ಹಾಸ್ಟೆಲ್ ಕಾಲದ ಗೆಳತಿ, ದೇವದುರ್ಗದ ತವರಿನಲ್ಲಿ ತಮ್ಮನ ಜೊತೆ ಇರುವ ಅವ್ವ, ಮಾನ್ವಿಗೆ ಕೊಟ್ಟ ತಂಗಿ. ಸುಳ್ಳು ಯಾಕೆ ಹೇಳಲಿ, ಮೊದಲಿನ ಇಬ್ಬರು ನೆಪ. ನನಗೆ ಬೇಕಾಗಿದ್ದವಳು ತಂಗಿ. ಎರಡು ವರ್ಷದಿಂದ ಅವಳು ನನ್ನ ಫೋನು ಎತ್ತಿರಲಿಲ್ಲ.

ಯಾಕೆ ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಅವಳ ಎದುರೇ ಬಸ್ಸು ನಿಲ್ಲಿಸದೆ ಬಂದೆ. ಆಮೇಲೆ ಫೋನು ಮಾಡಿ, ನಿನ್ನನ್ನು ನೋಡಲಿಲ್ಲ ಅಂದೆ. ನೋಡಿದ್ದೆ.

ಅವತ್ತು ಭಾನುವಾರ ಬೆಳಿಗ್ಗೆ ಸಿಂಧನೂರಿನಿಂದ ರಾಯಚೂರಿಗೆ ಬರುವ ಎಕ್ಸ್‌ಪ್ರೆಸ್ಸಿನಲ್ಲಿ ನನ್ನ ಡ್ಯೂಟಿ. ಹೆಣ್ಣುಮಕ್ಕಳಿಗೆ ಪುಕ್ಕಟೆ ಆದಮೇಲೆ ಬಸ್ಸಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ; ಅವತ್ತಂತೂ ಪರೀಕ್ಷೆ ಬರೆಯುವವರು ಬೇರೆ. ಮಾನ್ವಿ ಸ್ಟ್ಯಾಂಡು ಬಿಡುವ ಹೊತ್ತಿಗೆ ಬಾಗಿಲಿನ ಮೆಟ್ಟಿಲ ಮೇಲೂ ಜನ. ಹೊರಟ ಎರಡು ನಿಮಿಷಕ್ಕೆ ಒಬ್ಬ ಮುದುಕ ಮುಂದಿನ ಹಳ್ಳಿಯ ಕ್ರಾಸಿನಲ್ಲಿ ಇಳಿಸು ಅಂತ ಗಂಟುಬಿದ್ದ. ಮೊಣಕಾಲು ನೋವು, ಮುಂದಿನ ಸ್ಟಾಪು ಕಲ್ಲೂರಿನಲ್ಲಿ ಇಳಿದು ಹಿಂದೆ ನಡೆಯಲಾರೆ ಅಂದ. ಎಕ್ಸ್‌ಪ್ರೆಸ್ಸು ಕ್ರಾಸುಗಳಲ್ಲಿ ನಿಲ್ಲುವುದಿಲ್ಲ, ಹತ್ತುವಾಗ ಬೋರ್ಡು ನೋಡಬೇಕಿತ್ತು ಅಂದೆ. ಅವನ ಹಿಂದೆ ನಿಂತವನೊಬ್ಬ, "ನಿಮ್ ಮಂದಿ ಇದ್ರ ನಿಲ್ಲಸ್ತೀರಿ ಬಿಡ್ರಿ ಮೇಡಂ, ನಮಗ ಗೊತ್ತಿಲ್ಲೇನು" ಅಂದ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಇಡೀ ಬಸ್ಸಿಗೆ ಕೇಳುವ ಹಾಗೆ, "ನಮ್ಮವ್ವ ಬಂದು ನಿಂತ್ರೂ ನಿಲ್ಲಸಂಗಿಲ್ಲ!" ಅಂತ ಕೂಗಿದೆ.

ಅವ್ವ ನಿಂತಿರಲಿಲ್ಲ. ತಂಗಿ ನಿಂತಿದ್ದಳು.

ಅವಳ ಮನೆ ಊರು ಮುಗಿಯುವ ಕಡೆಗೆ, ರಾಯಚೂರು ರಸ್ತೆಗೇ ಇದೆ. ಅಲ್ಲಿ ಸ್ಟಾಪ್ ಇಲ್ಲ, ಆದರೆ ಕೈ ಮಾಡಿದರೆ ಬೇರೆ ಬಸ್ಸುಗಳು ನಿಲ್ಲುತ್ತವೆ. ಎದೆಗೆ ಒಂದು ಫೈಲು ಅವಚಿಕೊಂಡು, ಹಸಿರು ಸೀರೆಯಲ್ಲಿ, ಕೈ ಮೇಲೆತ್ತಿ ನಿಂತಿದ್ದಳು. ಮೇಷ್ಟ್ರ ಕೆಲಸದ ಪರೀಕ್ಷೆ ಇದೆ ಅಂತ ನನಗೆ ಗೊತ್ತಿತ್ತು. ಅವಳ ಅತ್ತೆ, ಒಂದೇ ಸಲ ಬರೀ, ಆಗದಿದ್ದರೆ ಸುಮ್ಮನೆ ಮನೆ ನೋಡಿಕೋ ಅಂತ ಕರಾರು ಹಾಕಿದ್ದೂ ಗೊತ್ತಿತ್ತು. ಡ್ರೈವರು ವೇಗ ಇಳಿಸಿ ಕನ್ನಡಿಯಲ್ಲಿ ನನ್ನ ಕಡೆ ನೋಡಿದ. ನಾನು ಮುಂದಿನ ಬಾಗಿಲ ಹತ್ತಿರವೇ ಇದ್ದೆ. ನನ್ನ ಕಣ್ಣೂ ತಂಗಿಯ ಕಣ್ಣೂ ಕೂಡಿದವು. ಅವಳು ನಕ್ಕಳು ಸಹ. ಹಿಂದೆ ಆ ಮುದುಕ, ಅವನ ಪರವಾಗಿ ಮಾತಾಡಿದವನು, ನೂರು ಮಂದಿ. ಎರಡು ಸೀಟಿ ಊದಿದೆ. ಎರಡು ಸೀಟಿ ಅಂದರೆ, ನಡಿ.

ಮುಂದಿನ ಬಸ್ಸು ಹಿಡಿದು ಅವಳು ರಾಯಚೂರು ಮುಟ್ಟುವಷ್ಟರಲ್ಲಿ ಪರೀಕ್ಷೆಯ ಗೇಟು ಹಾಕಿದ್ದರಂತೆ.

ಸಂಜೆ ನಾನು ಫೋನು ಮಾಡಿ, "ನಾ ಹಿಂದಕ ಟಿಕೆಟ್ ಕೊಡಾಕತ್ತಿದ್ನಬೇ, ನಿನ್ನ ನೋಡೇ ಇಲ್ಲ" ಅಂದೆ. ಅವಳು "ಹೌದಾ" ಅಂದು ಇಟ್ಟಳು. ಮತ್ತೆ ಎತ್ತಲಿಲ್ಲ.

ರಜೆಯ ಮೊದಲ ದಿನ ಗೆಳತಿಯ ಮನೆಗೆ ಹೋದೆ. ಊರ ಹೊರಗೆ ಹೊಸ ಲೇಔಟಿನಲ್ಲಿ ಮನೆ ಕಟ್ಟಿಸಿದ್ದಾಳೆ. ಹಾಸ್ಟೆಲ್ಲಿನಲ್ಲಿ ಒಂದೇ ಚಾದರದಲ್ಲಿ ಮಲಗಿದವರು ನಾವು. ಈಗ ಅವಳು ನನ್ನನ್ನು ಕೋಣೆಕೋಣೆಗೂ ಕರೆದುಕೊಂಡು ಹೋಗಿ ಟೈಲ್ಸು ತೋರಿಸಿದಳು. ಟೈಲ್ಸು ನೋಡಿ ನೋಡಿ ನನ್ನ ಕತ್ತು ಹಿಡಿದುಕೊಂಡಿತು. ಊಟಕ್ಕೆ ಕೂತಾಗ ಅವಳ ಬಾಯಿಂದ ನಿಜವಾದ ವಿಷಯ ಹೊರಗೆ ಬಂತು.

"ಹೆಂಗೂ ನಿನ್ನ ಬಸ್ಸು ಇದೇ ರೋಡಿಗೆ ಬರ್ತದಲ್ಲ, ನಮ್ಮ ಲೇಔಟಿನ ಕಮಾನಿನ ಮುಂದ ಒಂದರಗಳಿಗಿ ನಿಲ್ಲಸಬೇ. ಸ್ಟ್ಯಾಂಡಿಗೆ ಹೋಗೋದು ತ್ರಾಸಾಗ್ತದ."

"ನಿಲ್ಲಸಂಗಿಲ್ಲ" ಅಂದೆ.

"ನನಗೂ?"

"ಯಾರಿಗೂ."

ಅವಳು ಅನ್ನಕ್ಕೆ ಸಾರು ಬಡಿಸುವುದನ್ನು ಅಲ್ಲಿಗೇ ನಿಲ್ಲಿಸಿದಳು. ಕಂಡಕ್ಟರ್ ಪರಿಚಯ ಇದ್ದವರೆಲ್ಲ ಬಸ್ಸನ್ನು ತಮ್ಮ ಮನೆಯ ದನ ಅಂದುಕೊಂಡಿರುತ್ತಾರೆ, ಕರೆದಲ್ಲಿ ನಿಲ್ಲಬೇಕು. ಮನೆಗೆ ಬರುವಾಗ ದಾರಿಯುದ್ದಕ್ಕೂ ಅವಳನ್ನು ಬೈದೆ. ಮನೆ ಮುಟ್ಟಿದ ಮೇಲೆ ಗೊತ್ತಾಯಿತು, ಬೈಯುತ್ತಿದ್ದುದು ಅವಳನ್ನಲ್ಲ. ಯಾರಿಗೂ ಅನ್ನುವ ಮಾತು ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತು ನೋಡಿ. ಅದನ್ನು ನಿಜ ಮಾಡಲಿಕ್ಕೆ ತಂಗಿಯನ್ನು ರಸ್ತೆಯಲ್ಲಿ ಬಿಟ್ಟು ಬಂದಿದ್ದೆನಲ್ಲ, ಇನ್ನು ಬಿಟ್ಟುಕೊಡುವುದಾದರೂ ಹೇಗೆ?

ಎರಡನೇ ದಿನ ದೇವದುರ್ಗ. ತಮ್ಮ ಗೊಬ್ಬರದ ಅಂಗಡಿಗೆ ಹೋಗಿದ್ದ. ಅವ್ವ ಒಲೆಯ ಮುಂದೆ ಸಜ್ಜೆ ರೊಟ್ಟಿ ಬಡಿಯುತ್ತಿದ್ದಳು. ನನ್ನನ್ನು ಕಂಡು ಕೈ ನಿಲ್ಲಿಸಲಿಲ್ಲ, ಬಾಯಿ ಶುರು ಮಾಡಿದಳು.

"ಬಂದೇನವ್ವ? ದಾರಿ ನೆಪ್ಪೈತೇನ? ನಿನ್ನ ಬಸ್ಸು ನಮ್ಮೂರಿಗೂ ಬರ್ತದಂತ ಕೇಳೀನಿ."

"ರಜಾ ಕೊಡಂಗಿಲ್ಲವ್ವ" ಅಂದೆ.

"ರಜಾ ಕೊಡಂಗಿಲ್ಲ, ಬಸ್ಸು ನಿಲ್ಲಸಂಗಿಲ್ಲ. ಮತ್ತ ಏನ್ ಮಾಡ್ತೀಬೇ ನೀನು?"

ರೊಟ್ಟಿ ಮುರಿದೆ. ಅವ್ವನ ಜೊತೆ ಮಾತಿಗೆ ಮಾತು ಬೆಳೆಸಿ ಗೆದ್ದವರು ದೇವದುರ್ಗದಲ್ಲಿ ಯಾರೂ ಇಲ್ಲ. ಬದನೆಕಾಯಿ ಪಲ್ಯ ಹಾಕಿ, ಎರಡನೆಯ ರೊಟ್ಟಿ ಅರ್ಧ ಆಗುವ ತನಕ ಬಿಟ್ಟು, ಅವಳು ವಿಷಯಕ್ಕೆ ಬಂದಳು. ಮತ್ತೆ ಮೇಷ್ಟ್ರ ಪರೀಕ್ಷೆ ಕರೆದಿದ್ದಾರೆ. ತಂಗಿ ಅರ್ಜಿ ಹಾಕಿದ್ದಾಳೆ. ವಯಸ್ಸಿನ ಲೆಕ್ಕಕ್ಕೆ ಇದೇ ಅವಳಿಗೆ ಕೊನೆಯದು. ಮನೆಯಲ್ಲಿ ಇಬ್ಬರು ಮಕ್ಕಳು, ಅತ್ತೆ, ಬರುವ ಹೋಗುವ ಮಂದಿ; ಪುಸ್ತಕ ತೆರೆದರೆ ಮುಚ್ಚಲಿಕ್ಕೆ ನೂರು ಕೆಲಸ. ಅದಕ್ಕೆ ಪರೀಕ್ಷೆಗೆ ಮೊದಲು ಒಂದು ತಿಂಗಳು ರಾಯಚೂರಿನ ನನ್ನ ಮನೆಯಲ್ಲಿ ಇದ್ದು ಓದುತ್ತಾಳೆ, ಅಲ್ಲಿಂದಲೇ ಪರೀಕ್ಷೆಗೆ ಹೋಗುತ್ತಾಳೆ. ಹೋದ ಸಲ ಬರೆಯಲೇ ಆಗಲಿಲ್ಲವಲ್ಲ ಅಂತ ಅತ್ತೆ ಅರ್ಧ ಒಪ್ಪಿದ್ದಾಳೆ. ನಾನೇ ಹೋಗಿ ಮರ್ಯಾದೆಯಿಂದ ಕೇಳಿದರೆ ಪೂರ್ತಿ ಒಪ್ಪುತ್ತಾಳೆ.

"ಆಕಿ ನನ್ನ ಮನಿಗೆ ಬರ್ತಾಳಂತೇನ?" ಅಂದೆ.

"ಬರ್ದೆ ಎಲ್ಲಿಗೆ ಹೋಗ್ತಾಳ? ಅಕ್ಕ ಅಂತ ಇರಾಕಿ ನೀ ಒಬ್ಬಾಕಿ." ಅವ್ವ ಕೈಯ ಹಿಟ್ಟು ಕೊಡವಿ ನನ್ನ ಕಡೆ ತಿರುಗಿದಳು. "ಕೇಳಿಲ್ಲಿ. ಆಕಿ ಅತ್ತಿ ಬಾಯಿ ನಿನಗ ಗೊತ್ತದ. ಬಸ್ಸಿನ ಮಾತ ತೆಗದೇ ತೆಗೀತಾಳ. ಆಕಿ ಏನ ಅಂದ್ರೂ ನೀ ನೋಡಿಲ್ಲ. ತಿಳೀತಿಲ್ಲೊ?"

"ಯವ್ವಾ, ಅವತ್ತ ನಾನು..."

"ಖರೇ ಏನಂತ ನಾ ಕೇಳಿಲ್ಲ. ನೀ ನೋಡಿಲ್ಲ, ಅಷ್ಟ."

ಹೀಗೆ ಅವ್ವ ನನ್ನ ತಲೆಗೆ ಒಂದು ಸುಳ್ಳನ್ನು ಎಣ್ಣೆ ಹಚ್ಚಿದ ಹಾಗೆ ತಿಕ್ಕಿ ತಿಕ್ಕಿ ಕಳಿಸಿದಳು. ಅದು ನಾನೇ ಹುಟ್ಟಿಸಿದ ಸುಳ್ಳು. ಅದನ್ನು ಇನ್ನೊಂದು ಸಲ ಹೇಳುವುದು ನನಗೇನು ಕಷ್ಟ?

ಮೂರನೇ ದಿನ ಬೆಳಿಗ್ಗೆ ದೇವದುರ್ಗದಿಂದ ಸಿರವಾರದ ಮೇಲೆ ಮಾನ್ವಿಗೆ ಹೊರಟೆ. ಆ ಬಸ್ಸಿನ ಕಂಡಕ್ಟರ್ ಒಬ್ಬ ಮಹಾರಾಯ. ಗಿಡದ ಕೆಳಗೊಮ್ಮೆ ನಿಲ್ಲಿಸಿದ, ಯಾರದೋ ಹೊಲದ ಬದುವಿಗೊಮ್ಮೆ ನಿಲ್ಲಿಸಿದ, ಒಬ್ಬಳು ತನ್ನ ಮಗಳು ಜಡೆ ಹಾಕಿಕೊಳ್ಳುತ್ತಿದ್ದಾಳೆ ತಡಿ ಅಂದರೆ ಅದಕ್ಕೂ ತಡೆದ. ನನ್ನ ಕೈ ಇಲ್ಲದ ಸೀಟಿಗಾಗಿ ಕೊರಳು ಮುಟ್ಟಿಕೊಂಡಿತು. ಅರ್ಧ ತಾಸು ತಡ. ಆದರೆ ಇಳಿಯುವವರೆಲ್ಲ ಅವನಿಗೆ "ಬರ್ತೀವಪ್ಪ" ಅಂತ ಹೇಳಿ ಇಳಿಯುತ್ತಿದ್ದರು. ನನಗೆ ಹದಿನಾಲ್ಕು ವರ್ಷದಲ್ಲಿ ಹಾಗೆ ಹೇಳಿದವರು ಕಡಿಮೆ. ಅವನ ಮೇಲೆ ಇನ್ನಷ್ಟು ಸಿಟ್ಟು ಬಂತು.

ತಂಗಿಯ ಮನೆಯಲ್ಲಿ ಬಾಗಿಲು ತೆರೆದದ್ದು ಅವಳೇ. ಎರಡು ವರ್ಷದಲ್ಲಿ ಕೆನ್ನೆ ಇಳಿದಿತ್ತು. "ಬಾ ಅಕ್ಕ" ಅಂದಳು. ಮುಖದಲ್ಲಿ ಪ್ರೀತಿಯೂ ಇಲ್ಲ, ಸಿಟ್ಟೂ ಇಲ್ಲ. ಕೆಲಸಕ್ಕೆ ಕರೆಸಿದವರನ್ನು ಒಳಗೆ ಬಿಡುವ ಹಾಗೆ ಪಕ್ಕಕ್ಕೆ ಸರಿದಳು. ಅದು ನನಗೆ ಚುಚ್ಚಿತು. ಅವಳ ಗಂಡ ಅಕ್ಕಿ ಮಿಲ್ಲಿಗೆ ಹೋಗಿದ್ದ, ಮಕ್ಕಳು ಸಾಲೆಗೆ. ಅತ್ತೆ ಪಡಸಾಲೆಯ ಮಂಚದ ಮೇಲೆ ಕೂತು ತೊಗರಿಬೇಳೆ ಹಸನು ಮಾಡುತ್ತಿದ್ದಳು.

"ಬರ್ರಿ ಬರ್ರಿ. ಅಪರೂಪ ಆಗೀರಿ" ಅಂದಳು.

ತಂಗಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಂದಿಟ್ಟಳು. ನಾನು ಕಲಿತುಕೊಂಡು ಬಂದದ್ದನ್ನೆಲ್ಲ ಒಪ್ಪಿಸಿದೆ. ನಮ್ಮ ಮನೆಯಲ್ಲಿ ಗಂಡಹೆಂಡತಿ ಇಬ್ಬರೇ, ಒಂದು ಕೋಣೆ ಖಾಲಿ ಬಿದ್ದಿದೆ. ಒಂದು ತಿಂಗಳು ಕಳಿಸಿಕೊಡಿ. ಪರೀಕ್ಷೆಯ ದಿನ ನಾನೇ ರಜೆ ಹಾಕಿ ಗೇಟಿನ ತನಕ ಬಿಟ್ಟುಬರುತ್ತೇನೆ. ಮುದುಕಿ ಬೇಳೆಯಲ್ಲಿನ ಹರಳು ಆರಿಸುತ್ತ ಕೇಳಿದಳು. ತಂಗಿ ಅಡುಗೆಮನೆಯ ಬಾಗಿಲಿಗೆ ಆನಿಕೊಂಡು ನಿಂತಿದ್ದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು. ಸಣ್ಣವಳಿದ್ದಾಗ ಅಪ್ಪ ಜಾತ್ರೆಗೆ ಕಳಿಸುತ್ತಾನೋ ಇಲ್ಲವೋ ಅಂತ ಕಾಯುವಾಗಲೂ ಹೀಗೇ ಲಂಗದ ತುದಿ ಸುತ್ತುತ್ತಿದ್ದಳು.

"ಹೋಗ್ಲಿ ಬಿಡ್ರಿ" ಅಂದಳು ಅತ್ತೆ ಕೊನೆಗೆ. "ಮಕ್ಕಳನ್ನ ನಾ ನೋಡ್ಕೋತೀನಿ. ಒಂದ ತಿಂಗಳಲ್ಲೇನು? ಆಕಿಗೂ ಮನಸಿನ್ಯಾಗ ಉಳೀಬಾರ್ದು."

ಆಯಿತು. ಅಲ್ಲಿಗೆ ಎದ್ದು ಕೈ ಮುಗಿದು ಹೊರಟಿದ್ದರೆ ಎಲ್ಲ ಆಗಿತ್ತು. ತಂಗಿ ಚಹಾ ತರಲು ಒಳಗೆ ಹೋದವಳು ಹೋಗುವಾಗ ನನ್ನ ಕಡೆ ನೋಡಿದಳು. ಎರಡು ವರ್ಷದ ಮೇಲೆ ಅದು ನೋಟ ಅನ್ನಿಸಿಕೊಳ್ಳುವಂಥ ಮೊದಲ ನೋಟ.

ಆದರೆ ಮುದುಕಿಗೆ ಕೊಟ್ಟದ್ದು ಹೆಚ್ಚಾಯಿತು ಅನ್ನಿಸಿರಬೇಕು. ಸ್ವಲ್ಪ ವಾಪಸು ತೆಗೆದುಕೊಳ್ಳಲು ಶುರು ಮಾಡಿದಳು.

"ಅಲ್ಲವ್ವ, ನಿಮಗ ಕಣ್ಣು ಮಂದ ಅದಾವೇನು? ಚಾಳೀಸು ಮಾಡಿಸ್ಗೋಬೇಕಿಲ್ಲ?"

ನಾನು ನಕ್ಕೆ. "ಅವತ್ತ ಗದ್ದಲ ಭಾಳ ಇತ್ರಿ ಅತ್ತೀ" ಅಂದೆ.

"ಗದ್ದಲ ಇತ್ತು ಖರೇ. ಆದ್ರ ಹಸರ ಸೀರಿ ಉಟ್ಗೊಂಡು ರಸ್ತಾದ ಮ್ಯಾಲ ನಿಂತಾಕಿ ಕಾಣ್ಲಿಲ್ಲಂದ್ರ? ಒಡಹುಟ್ಟಿದಾಕಿ?"

ಮಿರ್ಚಿ ಕಚ್ಚಿದೆ. ಖಾರ ನೆತ್ತಿಗೆ ಹತ್ತಿತು. ನೀ ನೋಡಿಲ್ಲ, ನೀ ನೋಡಿಲ್ಲ ಅಂತ ಅವ್ವನ ಧ್ವನಿ ಕಿವಿಯಲ್ಲೇ ಇತ್ತು.

"ನಾ ಅಂತೀನಿ" ಅಂತ ಮುದುಕಿ ಮೊರದಲ್ಲಿ ಬೇಳೆಯನ್ನು ಒಂದು ಸಲ ಹಾರಿಸಿ ಹಿಡಿದಳು, "ಕಣ್ಣು ಕಾಣಲಾರದಾಕಿ ಕೈಯಾಗ ಅಷ್ಟು ಮಂದಿ ಜೀವ ಕೊಟ್ಟಾರಲ್ಲ, ಅವರಿಗೇನ ಅನಬೇಕು? ಹೆಣಮಕ್ಕಳ ಕೈಲಿ ಆಗೂ ಕೆಲಸಲ್ಲ ಬಿಡ್ರಿ ಅದು."

ಹದಿನಾಲ್ಕು ವರ್ಷ. ಒಂದು ಮೆಮೊ ಇಲ್ಲ, ಒಬ್ಬರ ಕೈಕಾಲು ಮುರಿದಿಲ್ಲ. ಕುಡಿದು ಹತ್ತಿದವರನ್ನು ಕೊರಳಪಟ್ಟಿ ಹಿಡಿದು ಇಳಿಸಿದ್ದೇನೆ. ಕಿಕ್ಕಿರಿದ ಬಸ್ಸಿನಲ್ಲಿ ಯಾರು ಎಲ್ಲಿ ಹತ್ತಿದರು, ಎಲ್ಲಿ ಇಳಿಯಬೇಕು ಅನ್ನುವುದನ್ನು ಮುಖ ನೋಡಿಯೇ ಹೇಳುತ್ತೇನೆ. ನನ್ನ ಮೈಯೆಲ್ಲ ಉರಿದುಹೋಯಿತು. ಆಮೇಲೆ ನಾನು ಅಂದದ್ದನ್ನು ಸಿಟ್ಟು ಆಡಿಸಿತು ಅಂತ ಹೇಳಬಹುದು. ಹಾಗೆ ಹೇಳಿದರೆ ಅದೂ ಸುಳ್ಳೇ. ಅದನ್ನು ಹೇಳಬೇಕು ಅನ್ನುವುದು ಎರಡು ವರ್ಷದಿಂದ ನನ್ನೊಳಗೆ ಕೂತಿತ್ತು; ಮುದುಕಿ ಬಾಗಿಲು ತೆಗೆದಳು, ಅಷ್ಟೇ.

"ನನ್ನ ಕಣ್ಣು ಚಂದಾಗಿ ಅದಾವ್ರಿ" ಅಂದೆ. "ನೋಡೀನಿ. ಆಕಿನ್ನ ನೋಡೀನಿ, ಆಕಿ ಕೈ ಮಾಡಿದ್ದೂ ನೋಡೀನಿ. ಎಕ್ಸ್‌ಪ್ರೆಸ್ಸು ಅಲ್ಲಿ ನಿಲ್ಲಂಗಿಲ್ಲ. ಯಾರಿಗೂ ನಿಲ್ಲಸಂಗಿಲ್ಲ ನಾನು. ನೋಡೇ ಬಿಟ್ಟು ಹೋಗೀನಿ."

ಮೊರ ನಿಂತಿತು.

ಹೇಳಿದ ಕ್ಷಣಕ್ಕೆ ನನಗೆ ಎಷ್ಟು ಹಗುರವಾಯಿತು ಅಂದರೆ ನಾಚಿಕೆಯಾಗುತ್ತದೆ. ಎದೆಯ ಮೇಲಿನ ಚಪ್ಪಡಿ ಯಾರೋ ಎತ್ತಿದ ಹಾಗೆ. ಉಸಿರು ಪೂರ್ತಿ ಎಳೆದುಕೊಂಡೆ. ಆಮೇಲೆ ತಲೆಯೆತ್ತಿ ನೋಡಿದರೆ ತಂಗಿ ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ.

ಅತ್ತೆ ನನ್ನನ್ನು ನೋಡಲಿಲ್ಲ. ಸೊಸೆಯನ್ನು ನೋಡಿದಳು.

"ಏನಬೇ? ನಮ್ಮಕ್ಕ ನೋಡಿಲ್ಲ, ನೋಡಿದ್ರ ಬಸ್ಸಿಂದ ಜಿಗದು ಬರ್ತಿದ್ಲು ಅಂತ ನನ್ನ ಮುಂದ ಎಷ್ಟ ಸಲ ಆಣಿ ಮಾಡೀದಿ? ಎರಡು ವರ್ಷ ಆತು, ನಾ ಒಂದ ಮಾತ ಅಂದ್ರ ನೀ ಹತ್ತ ಮಾತ ಆಡ್ತಿದ್ದಿ ಅಕ್ಕನ ಪರವಾಗಿ. ಈಗೇನಂತೀ?"

ನನಗೆ ಆಗ ತಿಳಿಯಿತು. ನನ್ನ ಸುಳ್ಳನ್ನು ಅವಳು ನಂಬಿರಲಿಲ್ಲ. ನಂಬದೇ ಇದ್ದರೂ ಅದನ್ನು ಈ ಮನೆಯಲ್ಲಿ ದಿನಾ ಹೇಳಿಕೊಂಡು ಬಂದಿದ್ದಳು, ತನ್ನ ತವರಿನ ಮಾನಕ್ಕೆ. ನನ್ನ ಫೋನು ಎತ್ತದೆಯೂ ನನ್ನ ಪರವಾಗಿ ಜಗಳ ಮಾಡಿದ್ದಳು.

"ಒಡಹುಟ್ಟಿದಾಕಿನ್ನ ನೋಡೇ ಬಿಟ್ಟು ಹೋಗಾಕಿ ಮನಿಗೆ" ಅಂದಳು ಅತ್ತೆ, ಕೂಗದೆ, ತಣ್ಣಗೆ, "ನನ್ನ ಸೊಸಿನ್ನ ಒಂದ ತಿಂಗಳ ಕಳಸಲೇನ ನಾನು?"

ನಾನು ಎದ್ದು ನಿಂತೆ. ತಪ್ಪಾಯಿತು ಅಂದೆ, ಆ ಸಿಟ್ಟು ನನ್ನ ಮೇಲಿರಲಿ, ಅವಳ ಮೇಲೆ ಯಾಕೆ ಅಂದೆ. ಬಸ್ಸಿನಲ್ಲಿ ಬೇಡಿಕೊಳ್ಳುವ ಮಂದಿಯ ಮಾತು ಹೇಗಿರುತ್ತದೋ ಹಾಗೇ ಇತ್ತು ನನ್ನ ಮಾತು. ಮುದುಕಿ ಮತ್ತೆ ಮೊರ ಎತ್ತಿಕೊಂಡಳು. ಅವಳ ಮಟ್ಟಿಗೆ ಮುಗಿದಿತ್ತು.

ತಂಗಿ ತಟ್ಟೆ ಕೆಳಗಿಟ್ಟು ನನ್ನ ಹಿಂದೆ ಹೊರಗೆ ಬಂದಳು. ಕಟ್ಟೆಯ ಕೆಳಗೆ ನಿಂತು ನಾನು ಚಪ್ಪಲಿ ಹುಡುಕಿದೆ.

"ಆಕಿ ಹಂಗ ಅಂದ್ರ ನಾ ಹ್ಯಾಂಗ ಸುಮ್ಮನಿರ್ಲಿ?" ಅಂದೆ. ಆ ಹೊತ್ತಿನಲ್ಲೂ ನನ್ನ ಬಾಯಿಂದ ಬಂದದ್ದು ಅದು. "ಖರೇ ಹೇಳೀನಿ. ಅದೂ ತಪ್ಪೇನು?"

"ನೀ ನೋಡಿದ್ದು ನನಗ ಅವತ್ತೇ ಗೊತ್ತು" ಅಂದಳು. "ನಿನಗ ಈಗ ಹಗುರಾಗಿರಬೇಕು."

"ಹಂಗಲ್ಲಬೇ..."

"ನಿನ್ನ ಸಲುವಾಗಿ ನಾ ಎರಡು ವರ್ಷ ಸುಳ್ಳು ಹೇಳೀನಿ ಅಕ್ಕ. ನನ್ನ ಸಲುವಾಗಿ ನಿನಗ ಒಂದ ತಾಸು ಹೇಳಾಕ ಆಗ್ಲಿಲ್ಲ."

ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ನಾನೂ ಏನಾದರೂ ಅನ್ನುತ್ತಿದ್ದೆ. ತಿರುಗಿ ಮೆಟ್ಟಿಲು ಹತ್ತಿ ಒಳಗೆ ಹೋದಳು. ನಾನು ಬಿಸಿಲಲ್ಲಿ ಅಲ್ಲೇ ನಿಂತಿದ್ದೆ, ಹೊರಡಲೂ ಆಗದೆ, ಒಳಗೆ ಹೋಗಲೂ ಆಗದೆ. ಬಾಗಿಲು ತೆರೆದೇ ಇತ್ತು. ಒಳಗಿನ ಮಾತು ಒಂದೊಂದೂ ಕೇಳುತ್ತಿತ್ತು.

"ಸಿಟ್ಟಿನ್ಯಾಗ ಅಂದಾಳ್ರೀ ಅತ್ತೀ" ಅನ್ನುತ್ತಿದ್ದಳು ನನ್ನ ತಂಗಿ. "ನೀವು ಕಣ್ಣಿನ ಮಾತ ತೆಗದ್ರೆಲ್ಲ, ಅದಕ್ಕ ಹಟಕ್ಕ ಬಿದ್ದು ಹಂಗಂದಾಳ. ಆಕಿ ನೋಡಿಲ್ರೀ. ನಿಮ್ಮಾಣಿ, ಆಕಿ ಖರೇನ ನೋಡಿಲ್ಲ."